ತಲೆಕೆಳಗಾಗಿ ಬಂದ ಪಟ್ಟದರಾಣಿ

ಉಪ್ಪಕ್ಕನ ಅಂಗಡಿಯಲ್ಲಿ ಹವಳ ಕೊಳ್ಳುವುದೆಂದರೆ ಹುಡುಗಾಟವಲ್ಲ. ಉಂಗುರಕ್ಕೆ ಹಾಕುವ ಹವಳದ ಮಾತಲ್ಲ ಇದು. ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಉಸಿರಾಡುವ, ಉಣ್ಣುವ, ಸಿಟ್ಟು ಬಂದರೆ ಮುದುಡಿಕೊಳ್ಳುವ ಜೀವಂತ ಹವಳದ ಮಾತು. ದುಡ್ಡು ತಂದಿದ್ದೀರಾ? ಇರಲಿ, ಜೇಬಿನಲ್ಲೇ ಇಟ್ಟುಕೊಂಡಿರಿ. ಮೊದಲು ನಿಮ್ಮ ಮನೆಯ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತಂದು ಅವಳ ಮೇಜಿನ ಮೇಲಿಡಬೇಕು. ಅವಳು ಆ ನೀರನ್ನು ಪರೀಕ್ಷೆ ಮಾಡಬೇಕು. ನೀರು ಪಾಸಾದರೆ ಆಮೇಲೆ ನಿಮ್ಮ ಪರೀಕ್ಷೆ.

“ನೀವು ಊರಲ್ಲಿ ಇಲ್ಲದಾಗ ಟ್ಯಾಂಕ್ ಯಾರು ನೋಡ್ಕೊಳ್ತಾರೆ? ತಮ್ಮನಾ? ಅವನಿಗೆ ತನ್ನ ಬಟ್ಟೆ ಮಡಚೋಕೆ ಬರುತ್ತಾ?”

ಹೀಗೆ ಸಾಗುತ್ತಿತ್ತು ವಿಚಾರಣೆ. ಒಪ್ಪಿಗೆಯಾಗದಿದ್ದರೆ, “ನಿಮ್ಮ ಟ್ಯಾಂಕಿಗೆ ಇನ್ನೂ ವಯಸ್ಸಾಗಿಲ್ಲ, ಹೋಗಿ ಬನ್ನಿ” ಎಂದು ಬಾಗಿಲು ತೋರಿಸುತ್ತಿದ್ದಳು. ಒಪ್ಪಿಗೆಯಾಯಿತೋ, ಅಂದಿನಿಂದ ನೀವು ಗಿರಾಕಿಯಲ್ಲ, ಬೀಗರು. ಅಂಗಡಿ ಅಂಗಡಿಯಲ್ಲ, ತವರುಮನೆ. ಕೊಡುವಾಗ ಒಂದೇ ಒಂದು ಷರತ್ತು, ಅದೂ ಬಾಯಿಮಾತಿನದು: ತವರಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಿಮ್ಮಲ್ಲಿ ಬೆಳೆದ ಹವಳದಿಂದ ಒಂದು ತುಂಡು ಮುರಿದು ವಾಪಸ್ ತಂದುಕೊಡಬೇಕು. ಉಪ್ಪುನೀರಿನ ಸಹವಾಸ ಮಾಡಿದವರೆಲ್ಲ ಇದನ್ನು ಒಪ್ಪುತ್ತಾರೆ. ಇವತ್ತು ನಿನ್ನದು ಹೋದೀತು, ನಾಳೆ ನನ್ನದು ಹೋದೀತು. ಊರ ತುಂಬ ತುಂಡು ಹಂಚಿಟ್ಟವನ ಹವಳ ಮಾತ್ರ ಸಾಯುವುದಿಲ್ಲ.

ಅವಳಿಗೆ ಉಪ್ಪಕ್ಕ ಎಂದು ಹೆಸರು ಬಂದದ್ದು ದಿನವೂ ಬೆಳಿಗ್ಗೆ ಅಂಗಡಿಯ ಮುಂದೆ ಡ್ರಮ್ಮಿನಲ್ಲಿ ಉಪ್ಪು ಕದಡುತ್ತ ನಿಲ್ಲುತ್ತಿದ್ದುದರಿಂದ. ಯಂತ್ರವಿದ್ದರೂ ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿಕೊಂಡು “ಇನ್ನೊಂದು ಹಿಡಿ” ಎನ್ನುವಳು. ಆಮೇಲೆ ಯಂತ್ರವೂ ಅದನ್ನೇ ಹೇಳುತ್ತಿತ್ತು. ಇಂಥ ಹೆಂಗಸಿಗೆ ಜಂಬವಿಲ್ಲದೆ ಇನ್ನೇನಿರುತ್ತದೆ? ಇತ್ತು, ಧಾರಾಳವಾಗಿತ್ತು. ಆ ಜಂಬಕ್ಕೆಲ್ಲ ಕಾರಣ ಅಂಗಡಿಯ ನಟ್ಟನಡುವೆ ದೊಡ್ಡ ತೊಟ್ಟಿಯಲ್ಲಿ ಕೂತಿದ್ದ ಪಟ್ಟದರಾಣಿ.

ಪಟ್ಟದರಾಣಿ ಕೊಂಬೆ ಕೊಂಬೆಯಾಗಿ ಹರಡುವ ಜಾತಿಯ ಹವಳ. ಹಸಿರು ಮೈ, ಪ್ರತಿ ಕೊಂಬೆಯ ತುದಿಗೂ ಅಚ್ಚ ನೀಲಿ. ಯಾವನೋ ಸಗಟು ವ್ಯಾಪಾರಿ ಬಿಸಾಡುವ ಬದಲು ಕೊಟ್ಟುಹೋದ, ಉಗುರಿನಷ್ಟು ದೊಡ್ಡ, ಅರ್ಧ ಸತ್ತ ಚೂರದು. ಅದನ್ನು ಅವಳು ಬೆಳೆಸಿದ್ದಳು. ಈಗ ಎರಡು ತೋಳು ಚಾಚಿದರೂ ತಬ್ಬಲಾಗದಷ್ಟು ಅಗಲ. ಅಂಥ ಬಣ್ಣ ಬೇರೆಲ್ಲೂ ಸಿಗದು. ಬೇರೆ ಊರುಗಳಿಂದ ಜನ ಬಂದು, ಏನೂ ಕೊಳ್ಳದೆ, ಗಾಜಿಗೆ ಮೂಗು ಒತ್ತಿ ನೋಡಿ ಹೋಗುತ್ತಿದ್ದರು. ಹೋದ ಮೇಲೆ ಉಪ್ಪಕ್ಕ ಮೂಗಿನ ಗುರುತನ್ನು ಒರೆಸುತ್ತ “ನೋಡ್ಲಿ, ನೋಡ್ಲಿ” ಎನ್ನುತ್ತಿದ್ದಳು.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹೋಗಿ ಸೇರಿದ್ದೆಲ್ಲಿಗೆ ಅಂತೀರಿ? ಆನ್‌ಲೈನ್‌ನಲ್ಲಿ ಮೀನು, ಹವಳ ಮಾರುವ ಕಂಪನಿಯ ಗೋದಾಮಿಗೆ! ಊರ ಹೊರಗಿನ ತಗಡಿನ ಕಟ್ಟಡದಲ್ಲಿ ಜೀವಗಳನ್ನು ಚೀಲಕ್ಕೆ ತುಂಬಿ, ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ ದೂರದೂರುಗಳಿಗೆ ಕಳಿಸುವ ಮೇಜಿಗೆ ಅವಳೇ ಮುಖ್ಯಸ್ಥೆ. ಉಪ್ಪಕ್ಕನ ಪಾಲಿಗೆ ಅದು ನುಂಗಲಾರದ ತುತ್ತು.

“ನಾನಿಲ್ಲಿ ಒಂದೊಂದು ತುಂಡನ್ನೂ ಮನೆ ನೋಡಿ, ಮನಸ್ಸು ನೋಡಿ ಕೊಡ್ತೀನಿ. ನೀನಲ್ಲಿ ಯಾರು ಎತ್ತ ಅಂತ ನೋಡದೆ ಪೆಟ್ಟಿಗೆಗೆ ಹಾಕಿ ಬಿಸಾಕ್ತೀಯ,” ಎಂದು ಊಟಕ್ಕೆ ಕೂತಾಗಲೆಲ್ಲ ಶುರುಮಾಡುವಳು.

“ಬಿಸಾಕಲ್ಲಮ್ಮ, ತಲುಪಿಸ್ತೀವಿ. ನಿನ್ನಂಥ ಅಂಗಡಿ ಇಲ್ಲದ ಊರುಗಳೂ ಇದ್ದಾವೆ. ಅಲ್ಲಿಯವರಿಗೆ ಆಸೆ ಇರಬಾರ್ದಾ?”

“ಆಸೆ ಇರೋರು ಬಸ್ ಹತ್ತಿ ಬರ್ಲಿ.”

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲೇ ತಾಯಿ ಮಗಳ ಸಂಸಾರ. ಇಬ್ಬರ ಕೈಗಳೂ ಉಪ್ಪುನೀರಿಗೆ ಒಂದೇ ಥರ ಬಿರುಕು ಬಿಟ್ಟಿದ್ದವು. ಒಂದೇ ಡಬ್ಬಿಯ ಮುಲಾಮನ್ನು ಹಚ್ಚಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮಲಗುತ್ತಿದ್ದರು.

ಇನ್ನು ಹಲ್ಲು ಡಾಕ್ಟರ ವಿಷಯ. ಅಂಗಡಿಯ ಎದುರಿಗೇ ಅವರ ಕ್ಲಿನಿಕ್ಕು. ಕಾಯುವವರು ನೋಡಲಿ ಎಂದು ಅಲ್ಲೊಂದು ಉಪ್ಪುನೀರಿನ ತೊಟ್ಟಿ ಇಟ್ಟಿದ್ದರು. ಮಹಾ ಆತುರದ ಮನುಷ್ಯ, ಆದರೆ ಒಳ್ಳೆಯವರು. ಪಟ್ಟದರಾಣಿಯ ತುಂಡು ಕೇಳಿ ಎಷ್ಟೋ ಸಲ ಬಂದಿದ್ದರು. ಪ್ರತಿ ಸಲವೂ ಉಪ್ಪಕ್ಕ ಅವರ ಬಾಟಲಿಯ ನೀರು ನೋಡಿ ತಲೆಯಾಡಿಸಿದ್ದಳು. ಕೊನೆಗೆ ಅವರೂ ಆನ್‌ಲೈನ್ ಹಿಡಿದರು. ಆದರೂ ದಿನಾ ಬಂದು ಅಂಗಡಿಯ ಲೈಟು, ಪಂಪುಗಳನ್ನು ಮುಟ್ಟಿ ನೋಡಿ, ಫೋಟೋ ತೆಗೆದುಕೊಂಡು ಹೋಗಿ ಅದನ್ನೇ ಮೊಬೈಲಿನಲ್ಲಿ ತರಿಸುತ್ತಿದ್ದರು.

“ನೋಡೋದು ಇಲ್ಲಿ, ಕೊಳ್ಳೋದು ಅಲ್ಲಿ. ಭೇಷ್ ಡಾಕ್ಟ್ರೇ! ನಾನೂ ನಿಮ್ಮ ಹತ್ರ ಬಾಯಿ ತೋರಿಸಿ, ಹಲ್ಲು ಬೇರೆ ಕಡೆ ಕೀಳಿಸ್ಕೊಳ್ಲಾ?”

ಡಾಕ್ಟರು ನಗುತ್ತಿದ್ದರು. ಎಷ್ಟು ಬೈದರೂ ಮರುದಿನ ಬರುವುದನ್ನು ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪಟ್ಟದರಾಣಿಯ ಕೊಂಬೆಗಳ ಬುಡ ಬೆಳ್ಳಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೈಚರ್ಮ ಎಳೆ ಎಳೆಯಾಗಿ ಕಳಚಿ ನೀರಿನಲ್ಲಿ ತೇಲತೊಡಗಿತು. ಉಪ್ಪಕ್ಕ ಇದ್ದಬದ್ದ ಪರೀಕ್ಷೆಯೆಲ್ಲ ಮಾಡಿದಳು. ಉಪ್ಪು ಸರಿ, ಬಿಸಿ ಸರಿ, ಸುಣ್ಣ ಸರಿ. ನಾಲಿಗೆಗೂ ಏನೂ ತಪ್ಪು ಕಾಣಲಿಲ್ಲ. ನೀರು ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ಗಾಜಿಗೆ ಅಂಟಿಕೊಂಡಿದ್ದ ಶಂಖದ ಹುಳುಗಳು ಒಂದೊಂದಾಗಿ ಕೆಳಗೆ ಬಿದ್ದವು.

ಡಾಕ್ಟರು ಎಂದಿನಂತೆ ಬಂದವರು ಅವಳ ಮುಖ ನೋಡಿ ತಮಾಷೆ ಮಾಡಲಿಲ್ಲ. ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು, ತೋಳು ಮಡಚಿ, ತೊಟ್ಟಿಯ ಹಿಂದಿನ ಮೂಲೆಯಲ್ಲಿ ಬಂಡೆಗಳ ಸಂದಿಗೆ ತೂರಿಸಿ ಬಗ್ಗಿ ನೋಡಿದರು.

“ಅಮ್ಮಾ, ಇಲ್ಲೊಂದು ಹುಳುಕು ಇದೆ,” ಎಂದರು.

ಗಾಜು ಉಜ್ಜುವ ಅಯಸ್ಕಾಂತ ಅದು. ಒಂದು ಅರ್ಧ ನೀರೊಳಗೆ, ಇನ್ನೊಂದು ಅರ್ಧ ಹೊರಗೆ. ಹೊರಗಿನದನ್ನು ಎಳೆದರೆ ಒಳಗಿನದು ಗಾಜನ್ನು ಉಜ್ಜುತ್ತ ಬರುತ್ತದೆ. ಅಂಗಡಿ ತೆರೆದ ದಿನದಿಂದ ಅದೇ. “ಹೊಸದು ಯಾಕೆ, ಹಳೇದೇ ಗಟ್ಟಿ” ಎಂದು ಉಪ್ಪಕ್ಕ ಬದಲಾಯಿಸಿರಲಿಲ್ಲ. ಒಳಗಿನ ಅರ್ಧದ ಪ್ಲಾಸ್ಟಿಕ್ ಹೊದಿಕೆ ಸೀಳಿ, ಕಬ್ಬಿಣ ತುಕ್ಕು ಹಿಡಿದು, ಕಂದು ನೀರು ಒಸರುತ್ತಿತ್ತು. ಮನುಷ್ಯರಿಗೆ ಅದರಿಂದ ಏನೂ ಆಗದು. ಹವಳಕ್ಕೆ ಅದು ಹಾಲಾಹಲ.

ಅದನ್ನು ಕಿತ್ತು ಬಿಸಾಡುವಷ್ಟರಲ್ಲಿ ಕಾಲ ಮಿಂಚಿತ್ತು. ಪಟ್ಟದರಾಣಿಯ ಬಿಳಿ ಎಲುಬು ಮಾತ್ರ ಉಳಿದಿತ್ತು. ಉಪ್ಪಕ್ಕ ಅಳಲಿಲ್ಲ. ಸ್ಟೂಲಿನ ಮೇಲೆ ಕೂತು, ಒದ್ದೆ ತೋಳನ್ನು ಒರೆಸದೆ, ಅದನ್ನೇ ನೋಡುತ್ತಿದ್ದಳು. ತನ್ನ ಮೇಲೇ ಕಿಚ್ಚು.

ಸಂಜೆಯೊಳಗೆ ಬೀಗರಿಗೆಲ್ಲ ಫೋನು ಹೋಯಿತು. ಬೀಗರು ಬಹಳ, ಆದರೆ ಹೆತ್ತ ಮಗಳನ್ನು ಕೊಟ್ಟಂತೆ ಪಟ್ಟದರಾಣಿಯ ತುಂಡು ಕೊಟ್ಟದ್ದು ಕೆಲವರಿಗೆ ಮಾತ್ರ. ಅಷ್ಟು ಕಟ್ಟುನಿಟ್ಟು ಅವಳದು. ಬ್ಯಾಂಕ್ ಮ್ಯಾನೇಜರು ಮಗು ಹುಟ್ಟಿದ ಮೇಲೆ ಪುರುಸೊತ್ತಿಲ್ಲವೆಂದು ತೊಟ್ಟಿಯನ್ನೇ ತೆಗೆದಿದ್ದರು. ಫೋಟೋಗ್ರಾಫರನ ಮನೆಯಲ್ಲಿ ಹೀಟರು ಕೆಟ್ಟು ಎಲ್ಲ ಬೆಂದುಹೋಗಿತ್ತು. ಉಪ್ಪಕ್ಕನ ಸೋದರತ್ತೆಯ ಮಗ ಯಾವಾಗಲೋ ಸಿಹಿನೀರಿಗೆ ಪಕ್ಷಾಂತರ ಮಾಡಿದ್ದ. ಪಕ್ಕದಲ್ಲಿ ನಿಂತಿದ್ದ ಹಲ್ಲು ಡಾಕ್ಟರು ನೆಲ ನೋಡುತ್ತ, “ನನಗೊಂದು ತುಂಡು ಕೊಟ್ಟಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧ ಉಪ್ಪಕ್ಕನಿಗೆ ಗೊತ್ತಿತ್ತು.

ಕೊನೆಗೆ ಉಳಿದದ್ದು ಒಬ್ಬರೇ, ಸಂಗೀತದ ಮೇಡಂ. ಅವರು ಈ ಊರು ಬಿಟ್ಟು ಎಷ್ಟೋ ದೂರದ ಊರಿಗೆ ಹೋಗಿದ್ದರು. ಹೋಗುವಾಗ ತುಂಡನ್ನು ಬಕೆಟ್ಟಿನಲ್ಲಿಟ್ಟು, ಕಾರಿನಲ್ಲಿ ತೊಡೆಯ ಮೇಲೆ ಹೊತ್ತುಕೊಂಡು ಹೋಗಿದ್ದರು.

“ಅಯ್ಯೋ, ಚೆನ್ನಾಗಿದೆ ಉಪ್ಪಕ್ಕ! ಕುಂಬಳಕಾಯಿಯಷ್ಟು ಆಗಿದೆ. ನಿಮಗಲ್ದೆ ಇನ್ಯಾರಿಗೆ ಕೊಡ್ಲಿ? ಆದ್ರೆ ನನ್ನ ಕಾಲು ಮುರಿದು ಪಟ್ಟಿ ಹಾಕಿದ್ದಾರೆ. ತರೋದು ಹೇಗೆ?”

ತಾನೇ ಹೋಗಿ ತರೋಣವೆಂದರೆ ಅಂಗಡಿಯ ಉಳಿದ ತೊಟ್ಟಿಗಳಲ್ಲೆಲ್ಲ ಅದೇ ತುಕ್ಕು ಹಿಡಿದ ಅಯಸ್ಕಾಂತ ಓಡಾಡಿತ್ತು. ಗಳಿಗೆಗೊಮ್ಮೆ ನೋಡುತ್ತ ನೀರು ಬದಲಾಯಿಸುತ್ತಿರಬೇಕು. ಬಿಟ್ಟು ಹೋದರೆ ಉಳಿದವೂ ಹೋಗುತ್ತವೆ. ಉಪ್ಪಕ್ಕ ಫೋನು ಹಿಡಿದೇ ತೊಟ್ಟಿಗಳ ಕಡೆ ತಿರುಗಿದಳು. ಆಗ ಹಿಂದಿನಿಂದ ಮಗಳ ದನಿ ಬಂತು.

“ನಾನು ಪಾರ್ಸಲ್ ಮಾಡಿಸ್ತೀನಮ್ಮ.”

“ಪಟ್ಟದರಾಣಿನ ಪೆಟ್ಟಿಗೆಗೆ ಹಾಕಿಸ್ತೀಯಾ? ಇರೋದೇ ಅದೊಂದು. ದಾರೀಲಿ ಸತ್ತರೆ ವಂಶನೇ ಮುಗೀತು!”

“ಅಲ್ಲಿ ಒಂದೇ ಕಡೆ ಇಟ್ಕೊಂಡಿದ್ರೂ ಒಂದು ದಿನ ಹಾಗೇ ಆಗುತ್ತೆ. ಅವರದ್ದು ಪೂರ್ತಿ ಕೇಳ್ತಿಲ್ಲ, ಒಂದು ಕೊಂಬೆ. ಸತ್ತರೆ ನನ್ನ ಮಗಳೇ ಕೊಂದಿದ್ದು ಅಂತ ಅಂಗಡಿ ಮುಂದೆ ಬೋರ್ಡ್ ಹಾಕು.”

ಉಪ್ಪಕ್ಕ ಫೋನನ್ನು ಮಗಳ ಕೈಗೆ ಕೊಟ್ಟಳು. ಅವಳ ಮಟ್ಟಿಗೆ ಅದೇ ದೊಡ್ಡದು.

ಮಗಳು ಫೋನನ್ನು ಮೇಜಿನ ಮೇಲೆ ಬಾಟಲಿಗೆ ಒರಗಿಸಿ ನಿಲ್ಲಿಸಿದಳು. ಪರದೆಯಲ್ಲಿ ಮೇಡಂ ಅವರ ಗಾಬರಿ ಮುಖ. ಆಮೇಲೆ ಶುರುವಾಯಿತು ನೋಡಿ ವಿಚಾರಣೆ!

“ಮೇಡಂ, ಇವತ್ತು ಹವಳಕ್ಕೆ ಊಟ ಹಾಕಿದ್ದೀರಾ? ಹಾಗಾದ್ರೆ ಇವತ್ತು ಬೇಡ, ನಾಳೆ ಕಳಿಸೋಣ. ಹೊಟ್ಟೆ ತುಂಬಿದ್ದು ದಾರೀಲಿ ನೀರು ಕೆಡಿಸುತ್ತೆ. ಪಾರ್ಸಲ್‌ನವರ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ ನೀವೇ ಕೇಳಬೇಕು, ಕೆಲಸದವಳ ಹತ್ರ ಕೇಳಿಸಬೇಡಿ. ಪೆಟ್ಟಿಗೆ ಗೋಡೆ ಎಷ್ಟು ದಪ್ಪ? ಬೆರಳು ಇಟ್ಟು ತೋರಿಸಿ. ಸಾಲದು. ಬೇರೆ ತರಿಸಿ.”

ಹಲ್ಲು ಡಾಕ್ಟರು ಉಪ್ಪಕ್ಕನ ಕಡೆ ಓರೆನೋಟ ಬೀರಿ, “ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂದು ಗೊಣಗಿದರು. ಉಪ್ಪಕ್ಕ ಕೇಳಿಸಲಿಲ್ಲವೆಂಬಂತೆ ನೀರಿನ ಬಕೆಟ್ಟು ಎತ್ತಿಕೊಂಡು ಹೋದಳು. ಆದರೆ ದೂರ ಹೋಗಲಿಲ್ಲ.

ಮರುದಿನ ಮತ್ತೆ ಫೋನು. ಮೇಡಂ ಕೈಯಲ್ಲಿ ಹವಳ ಕತ್ತರಿಸುವ ಇಕ್ಕಳ.

“ನನ್ನಿಂದ ಆಗಲ್ಲಮ್ಮ.”

“ಆಗುತ್ತೆ. ಕಲ್ಯಾಣಿ ಹಾಡ್ತೀರಲ್ಲ, ಅದಕ್ಕಿಂತ ಕಷ್ಟ ಅಲ್ಲ ಇದು. ಉಸಿರು ಬಿಡಿ. ಕೊಂಬೆ ಬುಡ ನೋಡಿ, ಅಲ್ಲಿ ಇಡಿ. ಈಗ ಒಂದೇ ಸಲಕ್ಕೆ ಒತ್ತಿ.”

ಟಕ್ಕೆಂದು ಸದ್ದು. ಉಪ್ಪಕ್ಕನಿಗೆ ತನ್ನ ಮೈಯನ್ನೇ ಮುರಿದಂತಾಯಿತು. ಮಗಳು ಮುಂದೆ ಹೇಳುತ್ತ ಹೋದಳು: ಕೊಂಬೆಯ ಬುಡವನ್ನು ತೇಲುವ ಬೆಂಡಿನ ತುಂಡಿಗೆ ರಬ್ಬರಿನಿಂದ ಕಟ್ಟಿ, ಚೀಲಕ್ಕೆ ನೀರು ಹಾಕಿ, ಈಗ ಅದನ್ನು ತಲೆಕೆಳಗು ಮಾಡಿ ಒಳಗೆ ಬಿಡಿ.

ಉಪ್ಪಕ್ಕ ತಡೆಯಲಾರದೆ ಬಾಯಿ ಹಾಕಿದಳು. “ತಲೆಕೆಳಗಾ? ನಿನಗೇನು ತಲೆ ಕೆಟ್ಟಿದೆಯಾ? ಯಾರಾದ್ರೂ ರಾಣಿನ ತಲೆಕೆಳಗೆ ಕಳಿಸ್ತಾರಾ?”

ಮಗಳು ತಿರುಗಲೂ ಇಲ್ಲ. “ಬೆಂಡು ಮೇಲೆ ತೇಲುತ್ತೆ, ಹವಳ ಅದರಡಿ ನೇತಾಡುತ್ತೆ. ಪೆಟ್ಟಿಗೆ ಹೇಗೆ ಉರುಳಿದ್ರೂ ಅದರ ತುದಿ ಎಲ್ಲಿಗೂ ತಾಗಲ್ಲ. ನೇರ ಇಟ್ಟರೆ ದಾರಿ ಉದ್ದಕ್ಕೂ ಚೀಲಕ್ಕೆ ಉಜ್ಜಿ ಮೈ ಸುಲಿದು ಹೋಗುತ್ತೆ. ಅಮ್ಮ, ನೀನು ಮಾತಾಡ್ಬೇಡ, ಮೇಡಂಗೆ ಗೊಂದಲ ಆಗುತ್ತೆ.”

ಅಂಗಡಿಯಲ್ಲಿ ಉಪ್ಪಕ್ಕನಿಗೆ ‘ಮಾತಾಡಬೇಡ’ ಎಂದವರು ಅದುವರೆಗೆ ಹುಟ್ಟಿರಲಿಲ್ಲ. ಸಿಟ್ಟು ನೆತ್ತಿಗೇರಬೇಕಿತ್ತು. ಆದರೆ ಅವಳ ಕಣ್ಣು ಪರದೆಗೆ ಅಂಟಿಕೊಂಡಿತ್ತು: ಚೀಲದ ನೀರಿನಲ್ಲಿ ನೀಲಿ ತುದಿಯ ಕೊಂಬೆ ಎಲ್ಲಿಗೂ ಮುಟ್ಟದೆ ತೂಗುತ್ತಿತ್ತು. ಎಂಥ ಉಪಾಯ! ಇದನ್ನು ತಾನು ಯೋಚಿಸಿರಲಿಲ್ಲ. ಒಂದು ದಿನವಾದರೂ ಮಗಳನ್ನು ‘ಹೇಗೆ ಕಟ್ಟುತ್ತೀಯ’ ಎಂದು ಕೇಳಿರಲಿಲ್ಲ.

ಪೆಟ್ಟಿಗೆ ಹೊರಟಿತು. ಬರಬೇಕಾದ ದಿನ ಬರಲಿಲ್ಲ. ದಾರಿಯಲ್ಲೆಲ್ಲೋ ಸೇತುವೆ ಮುಚ್ಚಿ ಗಾಡಿಗಳೆಲ್ಲ ಸುತ್ತು ಹಾಕುತ್ತಿದ್ದವಂತೆ. ಉಪ್ಪಕ್ಕ ಅಂಗಡಿಯ ಬಾಗಿಲಿಗೂ ತೊಟ್ಟಿಗೂ ಶತಪಥ ತಿರುಗಿದಳು. ಮಗಳು ಗೋದಾಮಿಗೆ ರಜೆ ಹಾಕಿ, ಪಾರ್ಸಲ್ ಕಚೇರಿಗೆ ಫೋನಿನ ಮೇಲೆ ಫೋನು ಮಾಡಿದಳು.

“ನೋಡಿದ್ಯಾ? ಇದಕ್ಕೇ ನಾನು ಬಾಯಿ ಬಡ್ಕೊಂಡಿದ್ದು,” ಎಂದಳು ತಾಯಿ.

“ತಡ ಆಗಬಹುದು ಅಂತಾನೇ ಗಾಳಿ ಜಾಸ್ತಿ ತುಂಬಿಸಿದ್ದೀನಿ. ಬಿಸಿ ಕಾಪಾಡೋಕೆ ಪೊಟ್ಟಣ ಹಾಕಿಸಿದ್ದೀನಿ. ಇನ್ನೂ ಇದೆ ಅದಕ್ಕೆ ಉಸಿರು,” ಎಂದಳು ಮಗಳು. ಮಾತು ಗಟ್ಟಿಯಾಗಿತ್ತು. ಆದರೆ ಮುಲಾಮಿನ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದಳು. ಪಾಪ, ಹುಡುಗಿಗೂ ಭಯ. ತಾಯಿಗೆ ಅದು ಕಂಡಿತು. ಮೊದಲ ಬಾರಿಗೆ ಅವಳು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಮರುದಿನ ಮಧ್ಯಾಹ್ನ ಪೆಟ್ಟಿಗೆ ಬಂತು. ಮೂಲೆಯೊಂದು ಜಜ್ಜಿಹೋಗಿತ್ತು. ಸುದ್ದಿ ಹೇಗೋ ಹಬ್ಬಿ ಅಂಗಡಿಯ ತುಂಬ ಬೀಗರು: ಬ್ಯಾಂಕ್ ಮ್ಯಾನೇಜರು, ಫೋಟೋಗ್ರಾಫರು, ಸಿಹಿನೀರಿನ ಪಕ್ಷಾಂತರಿ. ಹಲ್ಲು ಡಾಕ್ಟರು ಯಾರದೋ ಬಾಯಿ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದರು. ಉಪ್ಪಕ್ಕ ತನ್ನ ಹನಿನಳಿಗೆಯನ್ನು ಸಿದ್ಧ ಮಾಡಿಕೊಂಡು ನಿಂತಿದ್ದಳು. ಹೊಸ ಜೀವ ಯಾವುದೇ ಬರಲಿ, ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿ ಹನಿಯಾಗಿ, ಗಂಟೆಗಟ್ಟಲೆ ಇಳಿಸಿ, ಒಗ್ಗಿಸಿ, ಆಮೇಲೆ ಒಳಗೆ ಬಿಡುವುದು ಅವಳ ಪದ್ಧತಿ. ‘ನಿಧಾನವೇ ಪ್ರಧಾನ’ ಎಂದು ಎಲ್ಲ ಬೀಗರಿಗೂ ಕಲಿಸಿದವಳೇ ಅವಳು.

ಮಗಳು ಪೆಟ್ಟಿಗೆ ಬಿಚ್ಚಿದಳು. ಚೀಲದ ನೀರು ಕಲಗಚ್ಚಿನಂತೆ ಮಬ್ಬಾಗಿತ್ತು. ಅದರೊಳಗೆ ಕೊಂಬೆ ಮಸುಕು ಮಸುಕಾಗಿ ತೂಗುತ್ತಿತ್ತು. ಬಣ್ಣ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

“ಕೊಡು ಇಲ್ಲಿ, ಹನಿ ಹಚ್ಚೋಣ,” ಎಂದಳು ಉಪ್ಪಕ್ಕ.

“ಬೇಡಮ್ಮ.”

“ಏನು ಬೇಡ? ಒಗ್ಗಿಸದೆ ಬಿಟ್ಟರೆ ಸತ್ತೇ ಹೋಗುತ್ತೆ!”

“ನಿನ್ನ ಅಂಗಡಿಯಿಂದ ಪಕ್ಕದ ಬೀದಿಗೆ ಹೋಗೋ ಹವಳಕ್ಕೆ ಅದು ಸರಿ. ಇದು ಅಷ್ಟು ದಿನ ತನ್ನ ಹೊಲಸಲ್ಲೇ ಕೂತಿದೆ. ಚೀಲದ ಬಾಯಿ ಕಟ್ಟಿರೋ ತನಕ ಆ ಹೊಲಸು ತಣ್ಣಗಿರುತ್ತೆ. ಬಿಚ್ಚಿ ಗಾಳಿ ಆಡಿದ ಕೂಡಲೇ ವಿಷ ಆಗುತ್ತೆ. ಗಂಟೆಗಟ್ಟಲೆ ಹನಿ ಹಾಕ್ತಾ ಕೂತರೆ ವಿಷದಲ್ಲೇ ಕೂರಿಸಿದ ಹಾಗೆ. ಚೀಲ ತೇಲಿಸಿ ಬಿಸಿ ಸಮ ಮಾಡ್ಕೊಂಡು, ಬಿಚ್ಚಿದ ತಕ್ಷಣ ಎತ್ತಿ ಒಳಗೆ ಬಿಡಬೇಕು. ಗೋದಾಮಲ್ಲಿ ನಮ್ಮ ಕಣ್ಣೆದುರೇ ಎಷ್ಟೋ ಸತ್ತ ಮೇಲೆ ಕಲಿತಿದ್ದು ಇದು.”

ಬೀಗರೆಲ್ಲ ಉಪ್ಪಕ್ಕನ ಮುಖ ನೋಡಿದರು. ಇಷ್ಟು ವರ್ಷ ಹನಿ ಹನಿ ಎಂದು ಅವರ ಕಿವಿ ಹಿಂಡಿದವಳು! ಈಗ ಈ ಜನರ ಮುಂದೆ, ಕೈಗೆ ಬಂದ ಒಂದೇ ಒಂದು ಕೊಂಬೆಯ ಮೇಲೆ, ತನ್ನ ಮಾತು ನಡೆಯಬೇಕೋ ಮಗಳದ್ದೋ? ತಪ್ಪಿದರೆ ಮತ್ತೆ ಬೇಡಲು ಮೇಡಂ ಬಳಿ ಹೋಗುವ ಮುಖ ಅವಳಿಗಿರಲಿಲ್ಲ.

ಉಪ್ಪಕ್ಕ ಮಗಳ ಕೈ ನೋಡಿದಳು. ಚೀಲ ಹಿಡಿದಿದ್ದ ಆ ಬಿರುಕು ಬೆರಳುಗಳು ಈಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಕೆಲಸ ಬಲ್ಲವರ ಕೈ ಹೇಗಿರುತ್ತದೆಂದು ಉಪ್ಪಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹನಿನಳಿಗೆಯನ್ನು ಸುತ್ತಿ ಗೂಟಕ್ಕೆ ನೇತುಹಾಕಿದಳು.

“ಜರುಗ್ರೀ ಎಲ್ಲಾ,” ಎಂದು ಬೀಗರ ಮೇಲೆ ರೇಗಿದಳು. “ನಿಂತು ನೋಡ್ತೀರಲ್ಲ, ಅವಳ ಕೈಗೆ ಜಾಗ ಬಿಡಿ!”

ಮಗಳು ಚೀಲ ತೇಲಿಸಿದಳು, ಕಾದಳು, ಕತ್ತರಿಸಿದಳು. ಕೊಂಬೆಯನ್ನು ಎತ್ತಿ, ಒಳ್ಳೆಯ ನೀರಿನಲ್ಲಿ ಒಮ್ಮೆ ಅದ್ದಿ, ಪ್ರತ್ಯೇಕವಾಗಿಟ್ಟಿದ್ದ ಶುದ್ಧ ತೊಟ್ಟಿಯೊಳಗೆ ಇಳಿಸಿದಳು. ಮಬ್ಬುನೀರು ಚರಂಡಿಗೆ ಹೋಯಿತು. ಕೊಂಬೆಗೆ ಹಸಿರು ಉಳಿದಿತ್ತು. ಆದರೆ ಬಿಗಿಯಾಗಿ ಮುದುಡಿಕೊಂಡಿತ್ತು. ಮೈಮೇಲಿನ ಸಣ್ಣ ಬಾಯಿಗಳಲ್ಲಿ ಒಂದೂ ತೆರೆದಿರಲಿಲ್ಲ. ಬದುಕಿರುವುದೂ ಹಾಗೇ ಕಾಣುತ್ತದೆ, ಸಾಯುತ್ತಿರುವುದೂ ಹಾಗೇ ಕಾಣುತ್ತದೆ. ಬೀಗರು ಒಬ್ಬೊಬ್ಬರಾಗಿ ಮನೆಗೆ ಹೋದರು.

ಬೆಳಗಾದಾಗ ಉಪ್ಪಕ್ಕ ಉಪ್ಪು ಕದಡಲೂ ಹೋಗದೆ ನೇರ ಆ ತೊಟ್ಟಿಯ ಮುಂದೆ ಬಂದು ಬಗ್ಗಿದಳು. ಕೊಂಬೆಯ ಉದ್ದಕ್ಕೂ, ಬುಡದಿಂದ ನೀಲಿ ತುದಿಯವರೆಗೆ, ಸಾವಿರ ಸಣ್ಣ ಬಾಯಿಗಳು ಅರಳಿ ನೀರಿನಲ್ಲಿ ಆಡುತ್ತಿದ್ದವು. ಅವಳ ಕಣ್ಣು ತುಂಬಿಬಂತು. ತುಂಬಲಿ, ಅಂಗಡಿಯಲ್ಲಿ ಇನ್ನೂ ಯಾರೂ ಇರಲಿಲ್ಲ.

ಅಷ್ಟರಲ್ಲಿ ಫೋನು. ಸಂಗೀತದ ಮೇಡಂ. ಆ ಕಡೆಯಿಂದ ನಡುಗುವ ದನಿ: “ಏನಾಯ್ತು ಉಪ್ಪಕ್ಕ? ಅಷ್ಟು ತಡ ಆಯ್ತಲ್ಲ, ಬದುಕಿದೆಯಾ?”

“ಏನ್ ಮೇಡಂ ಹೀಗೆ ಕೇಳ್ತೀರಾ!” ಎಂದಳು ಉಪ್ಪಕ್ಕ, ಫೋನಿಗೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾಗಿ. “ಕಟ್ಟಿಸಿದ್ದು ಯಾರು? ನನ್ನ ಮಗಳು! ಅವಳು ಕಟ್ಟಿಸಿದ್ದು ಕೆಡುತ್ತಾ?”

ಮಗಳು ಹಿಂದಿನ ಕೋಣೆಯಿಂದ ಬಾಗಿಲಿಗೆ ಬಂದು ನಿಂತಿದ್ದಳು, ತಲೆ ಅರ್ಧವಷ್ಟೇ ಬಾಚಿಯಾಗಿತ್ತು.

“ಏನಂದೆ ಅಮ್ಮ? ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳು.”

“ಹೋಗೇ, ಕೊಬ್ಬು ನಿನಗೆ,” ಎಂದು ಉಪ್ಪಕ್ಕ ಕಣ್ಣೊರೆಸಿಕೊಂಡಳು. “ಬೇಗ ಹೊರಡು, ಕೆಲಸಕ್ಕೆ ಹೊತ್ತಾಯ್ತು. ಅಲ್ಲಿ ಎಷ್ಟು ಜೀವ ನಿನ್ನ ಕೈಗೇ ಅಂತ ಕಾಯ್ತಿದ್ದಾವೋ.”